ಬಿರುಕಕ್ಕನಿಗೆ ಬಗೆಹರಿಯದ ಸೇತುವೆ

ಬೆಳಕು ಹರಿಯುವ ಹೊತ್ತು. ಸೇತುವೆಯ ಎರಡೂ ತುದಿಗೆ ಬ್ಯಾರಿಕೇಡ್ ಬಿದ್ದಿದೆ. ಕೆಳಗಿನ ಅಟ್ಟಣೆಯ ಮೇಲೆ ಐವತ್ತೆರಡರ ಹೆಂಗಸೊಬ್ಬರು ಕತ್ತೆತ್ತಿ ಕಾಂಕ್ರೀಟಿನ ಹೊಟ್ಟೆಗೆ ಸುತ್ತಿಗೆಯಿಂದ ತಟ್ಟುತ್ತಾ ಸರಿಯುತ್ತಿದ್ದಾರೆ. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಟೊಳ್ಳು. ಜೊತೆಯವರಿಗೆಲ್ಲ ಇವರು ‘ಬಿರುಕಕ್ಕ’.

ಈ ಕೆಲಸಕ್ಕೆ ಮೊದಲು ಬಂದದ್ದು ಅಟ್ಟಣೆಯ ಕಸ ಗುಡಿಸುವುದಕ್ಕೆ. ಕಿವಿ ಚುರುಕೆಂದು ಕಂಡವರಾರೋ ಸುತ್ತಿಗೆ ಕೊಟ್ಟರು. ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಎಂಟುನೂರು ಪೆಟ್ಟು, ವರ್ಷಕ್ಕೆ ಮೂವತ್ತು ಹಳೇ ಸೇತುವೆ. ಬಲ ಭುಜ ಈಗ ಮೇಲೇಳುವುದಿಲ್ಲ, ಎಡಗೈಯಲ್ಲಿ ತಟ್ಟುತ್ತಾರೆ.

“ನಡುವಿನ ನೆಟ್ಟಗಿನ ಬಿರುಕಿಗೆ ನಾನು ಹೆದರಲ್ಲ. ಅಲ್ಲಿ ಸೇತುವೆ ಮುಂಚೇನೇ ಹೇಳಿ ಬಗ್ಗುತ್ತೆ. ಕಂಬದ ಹತ್ರ ಓರೆಯಾಗಿ ಬರುತ್ತಲ್ಲ, ಅದು ಬಾಯಿ ಬಿಡಲ್ಲ. ಕತ್ತರಿಸಿದ ಹಾಗೆ ಒಂದೇ ಸಲ ಹೋಗುತ್ತೆ.”

ಈ ಸೇತುವೆಗೆ ಅರವತ್ತೊಂದು ವರ್ಷ. ಎಂಜಿನಿಯರ್ ಕಾಗದ ನೋಡಿ ತಲೆ ಕೆರೆದುಕೊಳ್ಳುತ್ತಾರೆ. “ಲೆಕ್ಕದ ಪ್ರಕಾರ ಇದು ಇಪ್ಪತ್ತು ವರ್ಷದ ಹಿಂದೇನೇ ಬೀಳಬೇಕಿತ್ತು ಅಕ್ಕ.”

“ಆ ಲೆಕ್ಕಾನ ಅದಕ್ಕೆ ಯಾರೂ ಹೇಳಿಲ್ಲ ಅನ್ಸುತ್ತೆ ಸಾರ್.”

ಅದಕ್ಕೇ ಇವತ್ತು ಭಾರದ ಪರೀಕ್ಷೆ. ಎಲ್ಲರೂ ದೂರ ಸರಿದ ಮೇಲೆ ಜಲ್ಲಿ ತುಂಬಿದ ಲಾರಿಗಳು ಒಂದೊಂದಾಗಿ ಕಂಬದ ಸಮೀಪ ನಿಲ್ಲುತ್ತವೆ. ಮೂರನೆಯದು ಹತ್ತಿದಾಗ ಸೇತುವೆ ಎರಡು ಮಿಲಿಮೀಟರ್ ಬಗ್ಗುತ್ತದೆ. ಲಾರಿಗಳು ಇಳಿದಾಗ ಏನೂ ಆಗಿಲ್ಲವೆಂಬಂತೆ ಮೇಲೇಳುತ್ತದೆ. ಎಲ್ಲರ ಮುಖ ಅರಳುತ್ತದೆ. ಬಿರುಕಕ್ಕ ಮಾತ್ರ ಟಾರ್ಚ್ ಹಿಡಿದು ಅಟ್ಟಣೆ ಹತ್ತುತ್ತಾರೆ. ಪೆನ್ಸಿಲ್ಲಿನಲ್ಲಿ ಗುರುತಿಟ್ಟಿದ್ದ ಓರೆ ಬಿರುಕೊಂದು ಎರಡು ಬೆರಳಷ್ಟು ಮುಂದೆ ಹೋಗಿದೆ. ಆದರೆ ಸುತ್ತಿಗೆ ಅಲ್ಲಿಯೂ ಠಣ್ ಎನ್ನುತ್ತದೆ. ಮತ್ತೆ ತಟ್ಟುತ್ತಾರೆ. ಮತ್ತೆ ಠಣ್.

ಲೆಕ್ಕ ಒಂದು ಹೇಳುತ್ತದೆ, ಲಾರಿ ಇನ್ನೊಂದು, ಬಿರುಕು ಮತ್ತೊಂದು. ಯಾರ ಮಾತು ನಂಬುವುದು? ಬಿರುಕಕ್ಕನ ಗಂಡ ಇದೇ ಸೇತುವೆಯ ಮೇಲೆ ದಿನಕ್ಕೆ ಎಂಟು ಸಲ ಬಸ್ಸು ಓಡಿಸುವವರು. ಈಗ ಬಸ್ಸು ನಿಲ್ಲಿಸಿ ಬ್ಯಾರಿಕೇಡಿನಾಚೆಯಿಂದ ಕೇಳುತ್ತಾರೆ.

“ಗಟ್ಟಿನಾ, ಅಲ್ವಾ? ಒಂದು ಮಾತು ಹೇಳೇ.”

“ನನಗೇ ತಿಳೀತಿಲ್ಲ ಕಣ್ರೀ. ಸುತ್ಕೊಂಡು ಹೋಗಿ.”

ಸುತ್ತುದಾರಿ ಹದಿನಾಲ್ಕು ಕಿಲೋಮೀಟರ್. ಬಸ್ಸಿನೊಳಗಿಂದ ಬೈಗುಳ ಕೇಳಿಬರುತ್ತದೆ. ಗಂಡ ಬಸ್ಸು ತಿರುಗಿಸುತ್ತಾರೆ.

ವರದಿಯ ಹಾಳೆಯಲ್ಲಿ ಇರುವುದು ಎರಡೇ ಚೌಕ: ‘ಸುರಕ್ಷಿತ’, ‘ಅಸುರಕ್ಷಿತ’. ಬಿರುಕಕ್ಕ ಎರಡನ್ನೂ ಮುಟ್ಟದೆ ಅಂಚಿನಲ್ಲಿ ಬಿರುಕಿನ ಉದ್ದವನ್ನಷ್ಟೇ ಬರೆದು ಕೊಡುತ್ತಾರೆ.

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲ ಅಕ್ಕ,” ಎನ್ನುವ ಎಂಜಿನಿಯರ್, ಕೊನೆಗೆ ಅದರ ಕೆಳಗೆ ‘ಸದ್ಯಕ್ಕೆ ಭಾರಿ ವಾಹನ ಬೇಡ’ ಎಂದು ಬರೆದು ಸಹಿ ಹಾಕುತ್ತಾರೆ.

ನಿಮ್ಮ ಆಸೆಯೇನು ಎಂದು ಕೇಳಿದರೆ ಬಿರುಕಕ್ಕ ಸುತ್ತಿಗೆ ಒರೆಸುತ್ತಲೇ ಹೇಳುತ್ತಾರೆ: “ಮೂರನೇ ಚೌಕ ಒಂದು ಬೇಕಿತ್ತು. ‘ಇನ್ನೂ ಗೊತ್ತಾಗಿಲ್ಲ, ಮತ್ತೆ ಬಂದು ನೋಡ್ತೀವಿ’ ಅಂತ. ನಾನು ನೋಡಿದ ಸೇತುವೆಗಳಲ್ಲಿ ಅರ್ಧ ಅದರಲ್ಲೇ ಇರ್ತಿದ್ವು.”