ಕೊನೆಯ ಕೇಬಲನ್ನು ನಾನು ಪರೀಕ್ಷಿಸಿರಲಿಲ್ಲ

ನಳಿನಿ, ಪೈವಳಿಕೆಯ ಶಾಲೆಯಲ್ಲಿ ಅಂದು ಸುಟ್ಟುಹೋದ ಯಂತ್ರ ನಿನ್ನಿಂದ ಸುಟ್ಟದ್ದಲ್ಲ — ನನ್ನಿಂದ. ಈ ಮಾತನ್ನು ನಿನ್ನ ಮುಖ ನೋಡಿ ಹೇಳಿದ್ದೇನೆ, ಊರವರ ಎದುರು ಮೈಕಿನಲ್ಲೂ ಹೇಳಿದ್ದೇನೆ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಅಲ್ಲಿ ಒಂದು ವಿಷಯವನ್ನು ಬಿಟ್ಟಿದ್ದೆ — ಮರೆತೆನೋ, ಬೇಕೆಂದೇ ಬಿಟ್ಟೆನೋ...

ಉಪ್ಪಳದ ರಮೇಶಣ್ಣನ ಕಂಪ್ಯೂಟರ್ ಅಂಗಡಿಗೆ ನಾವಿಬ್ಬರೂ ಒಟ್ಟಿಗೇ ಸೇರಿದವರು. ಏಣಿ ಹತ್ತಿ ಗೋಡೆಯಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವ ಹುಡುಗಿಯರನ್ನು ಜನ ನಿಂತು ನೋಡುತ್ತಿದ್ದ ಕಾಲ ಅದು. ನಿನ್ನ ಕೈ ನನಗಿಂತ ಚುರುಕು, ಮಾತು ನನಗಿಂತ ಕಡಿಮೆ. ಶಾಲೆಯ ಕೆಲಸ ಮುಗಿದ ಮೇಲೆ ಹೊರಗಿನ ಕೆಲಸಗಳನ್ನೆಲ್ಲ ನಿನಗೆ ಒಪ್ಪಿಸುವುದೆಂದು ರಮೇಶಣ್ಣ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಶಾಲೆಯ ತಾರಸಿ ಮಾಡಿನ ಮೇಲೆ ಒಂದು ಪೆಟ್ಟಿಗೆ. ಎದುರಿನ ಗುಡ್ಡದ ಟವರಿನಿಂದ ಬರುವ ಇಂಟರ್ನೆಟ್ಟನ್ನು ಹಿಡಿಯುವ ಯಂತ್ರ ಅದು. ಅದಕ್ಕೆ ಕರೆಂಟು ಹೋಗುವುದೂ ಅದೇ ಕೇಬಲಿನಲ್ಲಿ. ಕೇಬಲಿನೊಳಗೆ ಎಂಟು ತಂತಿಗಳು. ಟೆಸ್ಟರಿನ ಎರಡು ಭಾಗಗಳನ್ನು ಎರಡು ತುದಿಗಳಿಗೆ ಸಿಕ್ಕಿಸಿದರೆ ದೀಪಗಳು ಒಂದರ ಹಿಂದೆ ಒಂದು ಹೊತ್ತಿಕೊಳ್ಳುತ್ತವೆ. ಎಲ್ಲವೂ ಹೊತ್ತಿದರೆ ತಂತಿ ಎಲ್ಲೂ ಕಡಿದಿಲ್ಲ ಎಂದರ್ಥ. ಆದರೆ ಅಷ್ಟು ಸಾಲದು — ಎರಡೂ ಕಡೆ ಒಂದೇ ಕ್ರಮದಲ್ಲಿ ಹೊತ್ತಬೇಕು. ಕ್ರಮ ತಪ್ಪಿದರೆ ಪ್ಲಸ್ ಹೋಗಬೇಕಾದಲ್ಲಿಗೆ ಮೈನಸ್ ಹೋಗುತ್ತದೆ — ಪೊಲಾರಿಟಿ ತಪ್ಪುವುದೆಂದರೆ ಅದೇ — ಯಂತ್ರ ಸುಡುತ್ತದೆ.

ಕೊನೆಗೆ ಉಳಿದಿದ್ದ ಮಾಡಿನ ಕೇಬಲಿನ ಎರಡೂ ತುದಿಗಳಿಗೆ ಪ್ಲಗ್ ಒತ್ತಿ ಕೂರಿಸಿದ್ದು ನಾನು. ನೀನು ಕೆಳಗೆ ಲ್ಯಾಬಿನಲ್ಲಿ ಕಂಪ್ಯೂಟರ್‌ಗಳನ್ನು ಜೋಡಿಸುತ್ತಿದ್ದೆ. ಮಧ್ಯಾಹ್ನ ಆ ಶಾಲೆಯ ಮಕ್ಕಳಿಗೆ ಆನ್‌ಲೈನ್ ವಿಜ್ಞಾನ ಸ್ಪರ್ಧೆಯ ಅಂತಿಮ ಸುತ್ತು. ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಅವರು ಆಗಲೇ ಬೆಂಚಿನ ಮೇಲೆ ಕೂತಿದ್ದರು. ಕಿಟಕಿಯಿಂದ ತಲೆ ಹೊರಹಾಕಿ ನೀನು ಕೂಗಿದೆ.

"ಪುಷ್ಪಾ, ಪೊಲಾರಿಟಿ ನೋಡಿದ್ದೀಯಾ ಮಾರಾಯ್ತಿ?"

"ನೋಡಿದೆ. ಎಲ್ಲ ಸರಿ ಉಂಟು."

ನೋಡಿರಲಿಲ್ಲ. ಟೆಸ್ಟರ್ ನನ್ನ ಚೀಲದಿಂದ ಹೊರಗೇ ಬಂದಿರಲಿಲ್ಲ. ನಿನಗಿಂತ ಮೊದಲು ಮುಗಿಸಿದೆ ಎಂದು ಹೇಳಿಸಿಕೊಳ್ಳುವ ಆಸೆ — ಅಷ್ಟೇ.

ನೀನು ಕೇಬಲಿಗೆ ಕರೆಂಟು ಕೊಡುವ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಮಾಡಿನ ಮೇಲಿದ್ದ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಪ್ಲಗ್ ಕಿತ್ತು ನೋಡಿದೆ. ಮೈನಸ್ಸಿನ ಕಂದು ಜೋಡಿ ಇರಬೇಕಾದಲ್ಲಿ ಪ್ಲಸ್ಸಿನ ನೀಲಿ ಜೋಡಿ, ನೀಲಿಯ ಜಾಗದಲ್ಲಿ ಕಂದು. ಕೆಳಗೆ ಯಾರಿಗೂ ಹೇಳಲಿಲ್ಲ. ಆ ತುದಿಯನ್ನು ಕತ್ತರಿಸಿ ಗೋಡೆಯಾಚೆ ಎಸೆದು ಹೊಸ ಪ್ಲಗ್ ಒತ್ತಿದೆ — ಈ ಸಲ ಸರಿಯಾಗಿ.

ರಮೇಶಣ್ಣ ಓಡಿ ಬಂದು ಎಲ್ಲರ ಎದುರು ಟೆಸ್ಟರ್ ಹಾಕಿಸಿದರು. ದೀಪಗಳು ಕ್ರಮವಾಗಿ ಹೊತ್ತಿದವು.

"ಕೇಬಲ್ ಸರಿ ಉಂಟಲ್ಲ! ಮತ್ತೆ ಎಂತ ಆದದ್ದು?"

ನಾನು ಹೇಳಿದೆ, "ಅಡಾಪ್ಟರ್ ಹಾಕಿದ್ದು ನಳಿನಿ."

ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಅದಕ್ಕೇ ಅದು ಅಷ್ಟು ದೊಡ್ಡ ಸುಳ್ಳಾಯಿತು. ನೀನು ನನ್ನನ್ನು ನೋಡಿದೆ — ಸಿಟ್ಟಿನಿಂದಲ್ಲ, ನಾನು ಇನ್ನೂ ಏನೋ ಹೇಳುತ್ತೇನೆ ಎಂದು ಕಾಯುವವಳ ಹಾಗೆ. ನಾನು ಚೀಲದ ಜಿಪ್ ಎಳೆಯತೊಡಗಿದೆ. ಇಂಟರ್ನೆಟ್ ಇಲ್ಲದೆ ಸ್ಪರ್ಧೆ ತಪ್ಪಿತು. ಶಾಲೆಯ ಸರೋಜಿನಿ ಟೀಚರ್ ಮಕ್ಕಳನ್ನು ತರಗತಿಗೆ ಕರೆದುಕೊಂಡು ಹೋದರು. ನೀನು ತಪ್ಪು ಅಡಾಪ್ಟರ್ ಹಾಕಿದೆಯೆಂದೇ ಎಲ್ಲರೂ ನಂಬಿದರು; ಮರುದಿನದಿಂದ ನೀನು ಅಂಗಡಿಗೆ ಬರಲಿಲ್ಲ.

ಮೈಕಿನಲ್ಲಿ ಹೇಳದೆ ಬಿಟ್ಟದ್ದು ಇದು, ನಳಿನಿ — ನಿನ್ನ ಖಾಲಿ ಸ್ಟೂಲು ನೋಡಿದಾಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಸಂತೋಷ.

ವರ್ಷಗಳು ಹೋದವು. ರಮೇಶಣ್ಣನ ಅಂಗಡಿ ನನ್ನ ಕೈಗೆ ಬಂತು. ನೀನು ಅದೇ ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದೆ. ನಿನ್ನ ಕಣ್ಣಿಗೆ ಬೀಳದಂತೆ ನಾನು ರಸ್ತೆಯ ಎದುರಿನ ಬದಿಯಿಂದ ನಡೆಯುತ್ತಿದ್ದೆ. ಹೋದ ವರ್ಷ ಪೈವಳಿಕೆಯ ಶಾಲೆಯವರು ಹೊಸ ಕಟ್ಟಡದ ಕೇಬಲ್ ಕೆಲಸಕ್ಕೆ ನನ್ನನ್ನು ಕರೆದರು. "ನೀವಾದರೆ ನಂಬಿಕೆ ಉಂಟು" ಎಂದರು ಸರೋಜಿನಿ ಟೀಚರ್. ನಂಬಿಕೆ! ಅಲ್ಲಿಂದ ನೇರ ನಿನ್ನ ಅಂಗಡಿಗೆ ಬಂದೆ.

ನಾನು ಹೇಳುತ್ತಿದ್ದಷ್ಟು ಹೊತ್ತೂ ನೀನು ಸೀರೆ ಮಡಚುತ್ತಲೇ ಇದ್ದೆ. ಕೊನೆಗೆ, "ನನಗೆ ಹೇಳಿದರೆ ಎಂತ ಪ್ರಯೋಜನ? ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳು" ಎಂದೆ ನೀನು.

ಶಾಲೆಯ ರಕ್ಷಕ-ಶಿಕ್ಷಕರ ಸಭೆಯಲ್ಲಿ ಮೈಕ್ ಹಿಡಿದು ಹೇಳಿದೆ. ರಮೇಶಣ್ಣನನ್ನೂ ಕರೆಸಿದ್ದೆ; ನೀನೂ ಬಂದು ಹಿಂದೆ ಕೂತಿದ್ದೆ. ಹೇಳಿ ಮುಗಿಸಿದಾಗ ರಮೇಶಣ್ಣ ತಲೆ ಎತ್ತಲಿಲ್ಲ. ಸರೋಜಿನಿ ಟೀಚರ್ ನನ್ನ ಕಡೆ ನೋಡದೆ ಹಿಂದಿನ ಸಾಲಿಗೆ ನಡೆದು ನಿನ್ನ ಎರಡೂ ಕೈ ಹಿಡಿದುಕೊಂಡರು.

"ಮಗಾ, ಹೊಸ ಕಟ್ಟಡದ ಕೆಲಸ ನೀನು ಮಾಡಿಕೊಡ್ತೀಯಾ?"

"ಮಾಡ್ತೇನೆ ಟೀಚರ್. ಆದರೆ ಪ್ರತಿಯೊಂದು ಕೇಬಲನ್ನೂ ನಾನೇ ಟೆಸ್ಟ್ ಮಾಡುವುದು."

ಜನ ನಕ್ಕರು, ಆಮೇಲೆ ಚಪ್ಪಾಳೆ ಬಿತ್ತು. ನೀನು ಅಳುತ್ತಿದ್ದೆ, ತಲೆ ಮಾತ್ರ ಬಾಗಿರಲಿಲ್ಲ. ಅಷ್ಟು ಎತ್ತರದ ನಿನ್ನನ್ನು ನಾನು ಅದೇ ಮೊದಲು ನೋಡಿದ್ದು.

ಒಟ್ಟಿಗೆ ಕೆಲಸ ಮಾಡೋಣ ಎಂದು ನಾನು ಕೇಳಿದೆ. "ಬೇಡ ಪುಷ್ಪಾ, ನನ್ನದೇ ಬೋರ್ಡ್ ಹಾಕ್ತೇನೆ" ಎಂದೆ ನೀನು. ಹಾಕಿದೆ. ಶಾಲೆಯ ಕೆಲಸ ನೋಡಿದವರು ನಿನ್ನನ್ನು ಹುಡುಕಿಕೊಂಡು ಬಂದರು. ನನ್ನ ಗಿರಾಕಿಗಳೂ ಬಂದರು. ನೆಕ್ರಾಜೆಯ ಆರೈಕೆ ಕೇಂದ್ರದ ಕೇಬಲ್ ಕೆಲಸ ಕೇಳಿಕೊಂಡು ನಾವಿಬ್ಬರೂ ಹೋಗಿದ್ದೆವು. ಸಿಕ್ಕಿದ್ದು ನಿನಗೆ.

ಅದರ ಉದ್ಘಾಟನೆಗೆ ನಾನು ಬಂದಿದ್ದೆ. ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಎದುರಿನ ಪರದೆಯಲ್ಲಿ ಮಂಗಳೂರಿನ ಡಾಕ್ಟರು ಕಾಣಿಸಿಕೊಂಡು, "ಹೇಗಿದ್ದೀರಿ ಅಮ್ಮ?" ಎಂದು ಕೇಳಿದರು. "ನೀವು ಇಷ್ಟು ಹತ್ತಿರ ಇದ್ದೀರಾ!" ಎಂದು ಅಜ್ಜಿ ಕೈ ಚಾಚಿದರು. ಕೋಣೆಯೆಲ್ಲ ನಗು. ನಿನ್ನನ್ನು ಮುಂದೆ ಕರೆದು ಶಾಲು ಹೊದೆಸಿದರು. ನಾನೂ ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ — ಹೊಟ್ಟೆಯಲ್ಲಿ ಸ್ವಲ್ಪವೂ ಉರಿ ಇಲ್ಲದೆ. ನನ್ನನ್ನು ನಾನು ಗೆದ್ದೆ ಎನ್ನಿಸಿದ ದಿನವೊಂದಿದ್ದರೆ ಅದು ಅದೇ.

ಕ್ಷಮಿಸಿದ್ದೇನೆ ಎಂದು ನೀನು ಹೇಳಿಲ್ಲ. ನಾನು ಕೇಳುವುದೂ ಇಲ್ಲ. ಆ ಶಾಲು ನಿನ್ನ ಹೆಗಲಿಗೆ ಎಷ್ಟೋ ವರ್ಷಗಳ ಹಿಂದೆಯೇ ಬೀಳಬೇಕಿತ್ತು, ನಳಿನಿ. ತಡೆದು ನಿಂತವಳು ನಾನು.