ಯಾವುದೇ ಕಾರಣದಿಂದ

ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಹಸಿ ಸುಣ್ಣದ ವಾಸನೆಗೆ ಕೆಲವರಿಗೆ ಹಬ್ಬ ನೆನಪಾಗುತ್ತದಂತೆ. ನನಗೆ ಹೊಸನಗರದ ಶೇಷಪ್ಪನವರು ನೆನಪಾಗಿ ಬಾಯಲ್ಲಿದ್ದ ಕಾಫಿ ಕಹಿಯಾಗುತ್ತದೆ. ನಾನು ಒಂದು ದಿನವೂ ವಾಸ ಮಾಡದ ಮನೆಗೆ ಅವರು ನನ್ನ ದುಡ್ಡಿನಲ್ಲಿ ಸುಣ್ಣ ಹೊಡೆಸಿದ್ದರು.

ಐವತ್ತರ ದಶಕದ ಮಾತು. ನಾನಾಗ ಸಾಗರದಲ್ಲಿ ಕನ್ನಡ ಮೇಷ್ಟ್ರು. ಮದುವೆಯಾಗಿ ಎರಡು ವರ್ಷವಾದರೂ ನಾನೂ ವಿಮಲೆಯೂ ಅಣ್ಣನ ಮನೆಯ ಒಂದು ಕೋಣೆಯಲ್ಲಿದ್ದೆವು. ಅಡುಗೆಮನೆ ಅತ್ತಿಗೆಯದು; ಬಿಸಿನೀರು ಕಾಯಿಸಲೂ ವಿಮಲೆ ಅವರ ಮುಖ ನೋಡಬೇಕಿತ್ತು. ಹೊಸನಗರಕ್ಕೆ ವರ್ಗವಾಯಿತು. ನನಗಾದ ಸಂತೋಷ ಮೇಲಿನವರಿಗೆ ತಿಳಿದಿದ್ದರೆ ಅಂದೇ ರದ್ದು ಮಾಡುತ್ತಿದ್ದರು. ಅವರು ಹನ್ನೆರಡು ದಿನ ತಡೆದರು, ಅಷ್ಟೆ.

ಜವಳಿ ವ್ಯಾಪಾರದ ಶೇಷಪ್ಪನವರು ಬಹಳ ವಿನಯವಂತರು. ಕಾಫಿ ಕೊಡದೆ ಒಂದು ಮಾತೂ ಆಡುತ್ತಿರಲಿಲ್ಲ. ವಿಮಲೆ ಅವರ ಬಾಡಿಗೆ ಮನೆಯ ಒಳಗೆಲ್ಲ ಓಡಾಡಿ ಬಂದು ಸುಮ್ಮನೆ ನಿಂತಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಮುಂಗಡ ನೂರಿಪ್ಪತ್ತು ರೂಪಾಯಿ. ಎರಡು ವರ್ಷ ಊರವರ ರವಿಕೆ ಹೊಲಿದು ಅವಳು ಕೂಡಿಟ್ಟದ್ದು.

"ಒಂದು ಕರಾರು ಗೀಚಿಬಿಡಿ ಮೇಷ್ಟ್ರೇ. ತಿಂಗಳೊಳಗೆ ನೀವು ಬರದಿದ್ರೆ ದುಡ್ಡು ವಾಪಸ್ ಇಲ್ಲ ಅಂತ ಹಾಕಿದ್ರಾಯ್ತು" ಎಂದರು.

ಭಾಷಾಭಿಮಾನ ನನ್ನನ್ನು ಕೆಡಿಸಿತು. ಈ ವಾಕ್ಯ ಸಡಿಲವಾಯಿತು ಎಂದು ನಾನೇ ಬಿಗಿಮಾಡಿದೆ: "ಬಾಡಿಗೆದಾರನು ಯಾವುದೇ ಕಾರಣದಿಂದ ಒಂದು ತಿಂಗಳೊಳಗೆ ವಾಸಕ್ಕೆ ಬಾರದಿದ್ದಲ್ಲಿ ಮುಂಗಡವು ಸಂಪೂರ್ಣವಾಗಿ ಮನೆಯ ಯಜಮಾನರಿಗೆ ಸೇರತಕ್ಕದ್ದು." ಅವರು ಎರಡು ಸಲ ಓದಿಸಿಕೊಂಡು, "ಎಂಥಾ ಕನ್ನಡ!" ಎಂದರು. ನಾನು ಹಿಗ್ಗಿದೆ. ನನ್ನ ಕುತ್ತಿಗೆಯ ಹಗ್ಗವನ್ನು ನಾನೇ ಹೊಸೆದು ಅದರ ನಯಕ್ಕೆ ಬೀಗಿದವನು ನಾನು.

ಹನ್ನೆರಡನೆಯ ದಿನ ಹೊಸ ಆದೇಶ ಬಂತು: ಹೊಸನಗರ ಬೇಡ, ತೀರ್ಥಹಳ್ಳಿ. ಶೇಷಪ್ಪನವರಲ್ಲಿಗೆ ಓಡಿದೆ.

"ಕಾಫಿ ತಗೊಳ್ಳಿ. ವರ್ಗ ಅಂದ್ರೆ ಹಾಗೇ, ಪಾಪ, ನೀವೆಂತ ಮಾಡ್ತೀರಿ? ಆದ್ರೆ ಯಾವುದೇ ಕಾರಣದಿಂದ ಅಂತ ನೀವೇ ಬರ್ದಿದೀರಿ."

ಮೂರು ಸಲ ಹೋದೆ. ಮೂರು ಸಲವೂ ಕಾಫಿ. ಮೂರನೆಯ ಸಲ ನೋಡುತ್ತೇನೆ, ಮನೆ ಬೆಳ್ಳಗೆ ಹೊಳೆಯುತ್ತಿದೆ, ಆಸ್ಪತ್ರೆಯ ಕಾಂಪೌಂಡರ್ ಸಂಸಾರ ಹೂಡಿದ್ದಾರೆ. ಒಂದು ತಿಂಗಳ ಬಾಡಿಗೆಯೂ ಶೇಷಪ್ಪನವರಿಗೆ ನಷ್ಟವಾಗಿರಲಿಲ್ಲ. ನೀವೇ ಹೇಳಿ, ಬೈಯೋಣವೆಂದರೆ ಕೈಯಲ್ಲಿ ಅವರದೇ ಲೋಟ!

ವರ್ಷ ಕಳೆದಿರಬೇಕು. ತೀರ್ಥಹಳ್ಳಿಯ ನಮ್ಮ ಬಾಗಿಲಲ್ಲಿ ಶೇಷಪ್ಪನವರೇ ನಿಂತಿದ್ದರು, ಮುಖ ಬಾಡಿತ್ತು. ನಮ್ಮ ತೀರ್ಥಹಳ್ಳಿಯ ಪದ್ಮಾವತಮ್ಮ ಎಂಬ ಮುದುಕಿಯ ಜಾಗ ಕೊಳ್ಳಲು ಐನೂರು ರೂಪಾಯಿ ಮುಂಗಡ ಕೊಟ್ಟಿದ್ದರಂತೆ. ಅರ್ಧ ಹಣ ಹಾಕುತ್ತೇನೆಂದು ಪಾಲಿಗೆ ನಿಂತಿದ್ದ ಇವರ ತಮ್ಮ ಕೊನೆಗಳಿಗೆಯಲ್ಲಿ ಕೈಕೊಟ್ಟ; ಗಡುವು ಮೀರಿತು; ಆಕೆ ಹಣ ಕೊಡುವುದಿಲ್ಲ ಎಂದಿದ್ದರು.

"ಅನ್ಯಾಯ ಅಲ್ವಾ ಮೇಷ್ಟ್ರೇ? ನಿಮ್ಮ ಕೈಯಲ್ಲಿ ಒಂದು ಕಾಗದ ಬರ್ಸಿಕೊಂಡು ಹೋಗ್ತೀನಿ."

ಒಳಗಿನಿಂದ ವಿಮಲೆ ಬಂದು, "ಬರ್ದು ಕೊಡಿ, ಅತ್ತುಬಿಡೋ ಹಾಗಿದಾರೆ" ಎಂದಳು. ಬರೆದೆ. ಹೊಸನಗರದ ಬಸ್ಸಿನಲ್ಲಿ ಅವರಿಗೇ ಹೇಳಲೆಂದು ಕೂಡಿಸಿಟ್ಟ ವಾಕ್ಯಗಳೆಲ್ಲ ಕೆಲಸಕ್ಕೆ ಬಂದವು: ವಿಧಿವಶದಿಂದ ಮಾತು ತಪ್ಪಿದವನನ್ನು ಮೋಸಗಾರನ ಸಾಲಿನಲ್ಲಿ ಕೂರಿಸಬಾರದು, ನಷ್ಟವಾಗದವರು ಪರರ ಬೆವರನ್ನು ಇಟ್ಟುಕೊಳ್ಳಬಾರದು. ಓದಿ ಹೇಳಿದಾಗ ಶೇಷಪ್ಪನವರು ಕಣ್ಣೊರೆಸಿಕೊಂಡರು.

ವಾರದೊಳಗೆ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. "ಪೂರ್ತಿ ಕೊಟ್ರು! ಆಯಮ್ಮ ದೇವ್ರಂಥೋರು."

"ಹಾಗಾದ್ರೆ ನಮ್ಮದು?" ಎಂದೆ.

ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ನಿಮ್ಮದಾ? ಆಯಮ್ಮನ ಕರಾರು ಯಾರೋ ಪೆದ್ದ ಬರ್ದಿದ್ದು, ನುಸುಳೋಕೆ ಸಂದಿ ಇತ್ತು. ನಿಮ್ಮದು ಗಟ್ಟಿ ಬರವಣಿಗೆ ಮೇಷ್ಟ್ರೇ!"

ಆ ಹಣ್ಣನ್ನು ಬೀದಿಗೆ ಎಸೆಯಬೇಕೆಂದಿದ್ದೆ. ವಿಮಲೆ ರಸಾಯನ ಮಾಡಿದಳು. ಚೆನ್ನಾಗಿತ್ತು, ಅದೂ ಒಂದು ಸಂಕಟ.

ಆಮೇಲೆ ಎಷ್ಟೋ ಮನೆ ಬದಲಿಸಿದೆವು. ವಿಮಲೆಗೆ ತಪ್ಪಿಹೋದ ಮೊದಲ ಮನೆಗಾಗಿ ನಾನು ಮಾತ್ರ ಸಿಟ್ಟನ್ನು ಬಿಡಲೇ ಇಲ್ಲ. ಇವತ್ತು ಎದ್ದು ಒಳಗೆ ಹೋಗಿ ಅದನ್ನೇ ಅವಳಿಗೆ ಹೇಳಿದೆ.

ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿದಳು. "ಆ ಮನೇನಾ? ಅಡುಗೆಮನೆಗೆ ಒಂದು ಕಿಟಕಿ ಇರ್ಲಿಲ್ಲ. ಕಾಲಿಟ್ಟ ಕೂಡ್ಲೆ ಬೇಡ ಅನ್ನಿಸ್ತು."

"ಹೇಳಬಾರದಿತ್ತೇ?"

"ಯಾವಾಗ ಹೇಳೋದು? ನಾನು ಬಾಯಿ ಬಿಡೋಷ್ಟರಲ್ಲಿ ನೀವು ಪೆನ್ನು ತೆಗೆದಾಗಿತ್ತು."

ಅವಳ ಪಕ್ಕದಲ್ಲಿ ಕೂತು, "ಎಂಥ ಮನೆ ಬೇಕಿತ್ತು ನಿನಗೆ?" ಎಂದು ಕೇಳಿದೆ. ಅವಳು ಮೊರ ಬದಿಗಿಟ್ಟು ಹೇಳತೊಡಗಿದಳು. ಮಧ್ಯಾಹ್ನದ ಊಟ ಬಹಳ ತಡವಾಯಿತು.