ಬೀಡಿ ತಿಕ್ಕಿದ ಗಾಜು

ಬೈಂದೂರು ದಾಟಿದ ಮೇಲೆ ಒಂದು ಗೂಡಂಗಡಿಯ ಮುಂದೆ ಕಾರು ನಿಲ್ಲಿಸಿದ್ದೆ. ನನ್ನ ಕಡೆಯ ವೈಪರ್ ಗಾಳಿಗೆ ಕಿತ್ತುಕೊಂಡು ಎಲ್ಲೋ ಹಾರಿಹೋಗಿತ್ತು. ಯಾರೋ ಮೇಲೆ ಕೂತು ಕೊಡಗಟ್ಟಲೆ ಸುರಿಯುತ್ತಿರುವ ಹಾಗೆ ಗಾಜಿನ ಮೇಲೆ ನೀರು. ಅಂಗಡಿಯವನು ತಗಡಿನ ಕೆಳಗೆ ನಿಂತು ಬೀಡಿ ಸೇದುತ್ತಿದ್ದ. ಆ ಹೊಗೆ ಒದ್ದೆ ಗಾಳಿಯ ಜೊತೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಮಾಮ ನೆನಪಾದರು. ಎಷ್ಟು ವರ್ಷವಾಗಿತ್ತೋ ಅವರನ್ನು ನೆನೆದು...

‘ಒಂದು ಕಟ್ಟು ಬೀಡಿ ಕೊಡಿ’ ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ನಿಮ್ಗಾ?’

‘ಕಾರಿಗೆ!’ ಎಂದು ರೇಗಿದೆ. ರೇಗಬಾರದಿತ್ತು, ಆದರೆ ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ.

ಹೆದರದೆ ಏನು ಮಾಡಲಿ? ಬೆಳಗ್ಗೆ ಮಂಗಳೂರಿನ ಹಾಸ್ಟೆಲಿನಿಂದ ವಾರ್ಡನ್ ಫೋನು ಮಾಡಿದ್ದರು. ಮಗಳಿಗೆ ಡೆಂಗಿ, ಆಸ್ಪತ್ರೆಗೆ ಸೇರಿಸಿದ್ದೇವೆ, ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ, ಮನೆಯವರು ಯಾರಾದರೂ ತಕ್ಷಣ ಬನ್ನಿ ಎಂದು. ನಮ್ಮ ಯಜಮಾನರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಬಾಡಿಗೆ ಕಾರಿನವನು ‘ಈ ಮಳೇಲಿ ಘಾಟಿ ಬೇಡ ಮೇಡಂ, ನಂಗೂ ಹೆಂಡ್ತಿ ಮಕ್ಕಳಿದ್ದಾರೆ’ ಅಂದುಬಿಟ್ಟ. ನಾನೋ, ಶಿವಮೊಗ್ಗದ ವಿದ್ಯಾನಗರದ ಮನೆಯಿಂದ ಸವಳಂಗ ರಸ್ತೆಯ ಬ್ಯಾಂಕಿಗೆ ಕಾರು ಓಡಿಸುವವಳು. ಒಮ್ಮೆ ಹತ್ತಿರದ ಹೊಳಲೂರಿನವರೆಗೆ ಹೋಗಿ ಬಂದದ್ದೇ ನನ್ನ ದೊಡ್ಡ ಪ್ರವಾಸ. ಆಗುಂಬೆಯಲ್ಲಿ ಗುಡ್ಡ ಜರಿದಿದೆ, ಹುಲಿಕಲ್‌ನಲ್ಲಿ ಲಾರಿ ಅಡ್ಡ ನಿಂತಿದೆ ಎಂದು ದಾರಿಯಲ್ಲಿ ಯಾರೋ ಹೇಳಿದರು. ನಗರ ಎಂಬ ಊರಿನ ಮೇಲೆ ಕೊಲ್ಲೂರು ಘಾಟಿ ಇಳಿದೆ. ಹೇಗೆ ಇಳಿದೆನೋ ಆ ಮೂಕಾಂಬಿಕೆಗೇ ಗೊತ್ತು.

ಬೀಡಿಗಳನ್ನು ಬಿಚ್ಚಿ, ಒಳಗಿನ ಹೊಗೆಸೊಪ್ಪಿನ ಪುಡಿಯನ್ನು ಅಂಗೈಗೆ ಉದುರಿಸಿಕೊಂಡು ಗಾಜಿಗೆ ತಿಕ್ಕಿದೆ. ಹಾಗೆ ತಿಕ್ಕಿದರೆ ನೀರು ಹನಿಕಟ್ಟದೆ ಹಾಳೆಯಂತೆ ಜಾರುತ್ತದೆ, ಎದುರಿನ ರಸ್ತೆ ಅಷ್ಟಿಷ್ಟು ಕಾಣುತ್ತದೆ. ಇದನ್ನು ನಾನು ಕಲಿತದ್ದು ಮಾಮನ ಜೀಪಿನ ಬಾನೆಟ್ಟಿನ ಮೇಲೆ ಕೂತು.

ಮಾಮ ಎಂದರೆ ನಮ್ಮ ಸೋದರಮಾವ ಅಲ್ಲ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು, ತಮಿಳಿನವರು, ಕಾರ್ಖಾನೆಯ ಜೀಪು ಓಡಿಸುತ್ತಿದ್ದರು. ನನ್ನನ್ನು ಪಾಪಾ ಎಂದು ಕರೆಯುತ್ತಿದ್ದರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಮ್ಮನಿಗೆ ದಿನ ತುಂಬುವ ಮುಂಚೆಯೇ ಹೆರಿಗೆ ನೋವು ಶುರುವಾಯಿತು. ಅಪ್ಪ ಶಿಫ್ಟಿನಲ್ಲಿದ್ದರು. ಶಿವಮೊಗ್ಗದ ದೊಡ್ಡಾಸ್ಪತ್ರೆಗೇ ಒಯ್ಯಬೇಕು ಎಂದರು ನರ್ಸಮ್ಮ. ಅಮ್ಮನನ್ನು ಹಿಂದೆ ಮಲಗಿಸಿ, ಮಾಮನ ಹೆಂಡತಿ ಮಾಮಿ ಅವಳ ತಲೆ ಹಿಡಿದು ಕೂತರು. ಮನೆಯಲ್ಲಿ ಯಾರೂ ಇಲ್ಲವೆಂದು ನನ್ನನ್ನು ಮಾಮನ ಪಕ್ಕ ಕೂರಿಸಿದರು.

ಅವತ್ತೂ ಹೀಗೇ ಮಳೆ. ಜೀಪಿನ ವೈಪರ್ ಹೆಸರಿಗಷ್ಟೇ ಇತ್ತು. ಮಾಮ ನಿಲ್ಲಿಸಿ, ನನ್ನನ್ನು ಬಾನೆಟ್ಟಿನ ಮೇಲೆ ಎತ್ತಿ ಕೂರಿಸಿ, ‘ತಿಕ್ಕು ಪಾಪಾ, ಚೆನ್ನಾಗಿ ತಿಕ್ಕು’ ಎಂದು ಬೀಡಿ ಪುಡಿ ಕೊಟ್ಟರು. ಆಮೇಲೆ ಶಿವಮೊಗ್ಗದವರೆಗೂ ಬಾಯಿ ಮುಚ್ಚಲಿಲ್ಲ. ‘ಎಮ್ಮೆಯವರು ಬರ್ತಾವ್ರೆ, ದಾರಿ ಬಿಡ್ರಪ್ಪಾ! ಎಮ್ಮೆಯವರು ಹೋದ್ರು. ಇದ್ಯಾರು, ಬಸ್ಸಣ್ಣ! ಬಾಪ್ಪಾ ಬಸ್ಸಣ್ಣ, ಮೆಲ್ಲಗೆ ಬಾ...’ ನಾನು ಬಿದ್ದು ಬಿದ್ದು ನಕ್ಕೆ. ಹಿಂದೆ ಅಮ್ಮ ನರಳುತ್ತಿದ್ದಳು, ನಾನು ನಗುತ್ತಿದ್ದೆ. ಪ್ರಪಂಚದಲ್ಲಿ ಇಷ್ಟು ಧೈರ್ಯದ, ಇಷ್ಟು ಖುಷಿಯ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸಿತ್ತು.

ಆಸ್ಪತ್ರೆ ಮುಟ್ಟಿ ಅಮ್ಮನನ್ನು ಒಳಗೆ ಒಯ್ದ ಮೇಲೆ ಮಾಮ ಜೀಪಿನ ಹಿಂದೆ ಹೋಗಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ‘ಬೆಳಗ್ಗೆ ಇಡ್ಲಿ ಹಳಸಿತ್ತು ಪಾಪಾ’ ಎಂದರು. ತಮ್ಮ ಹುಟ್ಟಿದ, ಅಮ್ಮನೂ ಉಳಿದಳು. ಕ್ವಾರ್ಟರ್ಸಿಗೆಲ್ಲ ನಾನು ಸಾರಿದ್ದು ಮಾತ್ರ ಮಾಮಿಯ ಹಳಸಿದ ಇಡ್ಲಿಯ ಸುದ್ದಿ. ಮಾಮಿ ಒಂದು ಮಾತೂ ಎದುರಾಡಲಿಲ್ಲ.

ಮರವಂತೆ ಬಂತು. ಬಲಕ್ಕೆ ಸಮುದ್ರ ಎದ್ದೆದ್ದು ಕಲ್ಲಿಗೆ ಅಪ್ಪಳಿಸುತ್ತಿತ್ತು, ಎಡಕ್ಕೆ ಹೊಳೆ ತುಂಬಿ ರಸ್ತೆಯ ಅಂಚಿಗೇ ಬಂದಿತ್ತು. ಪಕ್ಕದಲ್ಲಿ ಹೋದ ಟ್ಯಾಂಕರ್ ಗಾಜಿನ ತುಂಬ ಕೆಸರು ಎರಚಿತು. ಒಂದು ಗಳಿಗೆ ಏನೆಂದರೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ಕಾರಿನೊಳಗೆ ಯಾರೋ ಜೋರಾಗಿ ಮಾತಾಡುತ್ತಿರುವುದು ಕೇಳಿಸಿತು. ನಾನೇ! ‘ಟ್ಯಾಂಕರಣ್ಣ ಹೋದ, ಹೋಗ್ಲಿ ಬಿಡು, ಇನ್ನೊಬ್ಬ ಬಂದ, ಬರ್ಲಿ...’ ಎಷ್ಟು ಹೊತ್ತಿನಿಂದ ಹಾಗೆ ಬಡಬಡಿಸುತ್ತಿದ್ದೆನೋ. ಖುಷಿಗಲ್ಲ. ಬಾಯಿ ಮುಚ್ಚಿದರೆ ಮಗಳ ಮುಖ ಕಣ್ಣಿಗೆ ಬರುತ್ತಿತ್ತು.

ಪಕ್ಕಕ್ಕೆ ನಿಲ್ಲಿಸಿ, ಬಾಗಿಲು ತೆಗೆದು, ಮಳೆಯಲ್ಲೇ ಬಗ್ಗಿ ವಾಂತಿ ಮಾಡಿಕೊಂಡೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಆಗ ತಿಳಿಯಿತು, ಮಾಮಿಯ ಇಡ್ಲಿ ಹಳಸಿರಲಿಲ್ಲ ಎಂದು.

ಸಂಜೆಗೆ ಮಂಗಳೂರು ಮುಟ್ಟಿದೆ. ಮಗಳು ಸೊಪ್ಪಿನ ಹಾಗೆ ಬಾಡಿ ಮಲಗಿದ್ದಳು. ‘ಯಾರ ಜೊತೆ ಬಂದೆ?’ ಎಂದಳು.

‘ಒಬ್ಳೇ.’

‘ಸುಳ್ಳು ಹೇಳ್ಬೇಡ ಮಾರಾಯ್ತಿ’ ಎಂದು ನಗಲು ನೋಡಿದಳು, ಆಗಲಿಲ್ಲ. ‘ಹೆದರಿಕೆ ಆಗ್ಲಿಲ್ವಾ ಅಮ್ಮಾ?’

‘ಆಯ್ತು. ಇನ್ನೂ ಆಗ್ತಿದೆ’ ಎಂದೆ. ಅವಳು ನನ್ನ ಕೈ ಬಿಡಲಿಲ್ಲ.

ಮಾರನೆಯ ಬೆಳಗ್ಗೆ ಪ್ಲೇಟ್‌ಲೆಟ್ ಏರತೊಡಗಿದೆ ಎಂದರು ಡಾಕ್ಟರು. ಶಿವಮೊಗ್ಗದಲ್ಲಿದ್ದ ಅಮ್ಮನಿಗೆ ಫೋನು ಮಾಡಿ ಹೇಳಿದೆ. ದಾರಿಯಲ್ಲಿ ಮಾಮ ನೆನಪಾದ ವಿಷಯವನ್ನೂ ಹೇಳಿದೆ. ಕಾರ್ಖಾನೆ ಸೊರಗಿದ ಮೇಲೆ ಅವರು ತಮ್ಮ ಊರ ಕಡೆ ಹೋಗಿ, ಅಲ್ಲೇ ತೀರಿಕೊಂಡು ವರ್ಷಗಳಾಗಿದ್ದವು. ಆ ಸುದ್ದಿ ಬಂದಾಗ ‘ಅಯ್ಯೋ ಪಾಪ’ ಎಂದು ಸುಮ್ಮನಾಗಿದ್ದೆ.

‘ಈ ಮಾಮಿಗಿಂತ ಮುಂಚೆ ಅವರಿಗೆ ಇನ್ನೊಬ್ಳು ಹೆಂಡ್ತಿ ಇದ್ಲು ಕಣೇ’ ಎಂದಳು ಅಮ್ಮ. ‘ಹೆರಿಗೆ ನೋವು ಅಂತ ಅವಳನ್ನ ಅದೇ ಜೀಪಲ್ಲಿ ಕರ್ಕೊಂಡು ಹೊರಟಿದ್ರು. ಶಿವಮೊಗ್ಗ ಮುಟ್ಟಲೇ ಇಲ್ಲ. ತಾಯಿ ಮಗು ಎರಡೂ ದಾರೀಲೇ... ಅದಕ್ಕೇ ಅವತ್ತು, ಅವರನ್ನ ಮಾತ್ರ ಕರೀಬೇಡಿ, ಬೇರೆ ಯಾರನ್ನಾದ್ರೂ ನೋಡಿ ಅಂತ ನಾನು ಬೇಡ್ಕೊಂಡೆ. ಅಷ್ಟರಲ್ಲಿ ಅವರೇ ಗಾಡಿ ತಿರುಗಿಸ್ಕೊಂಡು ಬಾಗಿಲಲ್ಲಿ ನಿಂತಿದ್ರು.’

ಫೋನಿಟ್ಟು ಅತ್ತೆ. ಬಾಯಿಗೆ ಸೆರಗು ಹಿಡಿದುಕೊಂಡರೂ ನಿಲ್ಲಲಿಲ್ಲ.

ಪಕ್ಕದ ಮಂಚದ ರೋಗಿಯ ತಾಯಿ ಎದ್ದು ಬಂದು ಬೆನ್ನು ಸವರಿದರು. ‘ಮಗು ಹುಷಾರಾಗ್ತಾ ಉಂಟಲ್ಲ, ಮತ್ತೆ ಎಂತಕ್ಕೆ ಅಳುದು?’

‘ನಮ್ಮ ಕಡೆಯವರೊಬ್ಬರು ತೀರಿಹೋದರು.’

‘ಅಯ್ಯೋ ದೇವರೇ, ಯಾವಾಗ?’

ಏನು ಹೇಳಲಿ... ‘ನನಗೆ ಈಗ ಗೊತ್ತಾಯ್ತು’ ಎಂದೆ.